ಅಗಲವಾಗುತ್ತಿರುವ ಕಾರು, ಅಗಲವಾಗದ ದಾರಿ

ಸಿದ್ದಾಪುರ ತಾಲ್ಲೂಕಿನ ಹೇರೂರು ಹಾಗೂ ಅದರ ಆಸುಪಾಸಿನ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿ ನಿಂತಿರುವುದಿಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗದ್ದೆ, ಹಳ್ಳಗಳ ನಡುವೆ ಒಂದೊಂದು ಮನೆ ಒಂದೊಂದು ಕಡೆ ಇರುತ್ತದೆ. ಡಾಂಬರು ರಸ್ತೆಯಿಂದ ಮನೆಯಂಗಳದವರೆಗೆ ಎರಡೂ ಬದಿಗೆ ಧರೆಯಿರುವ ಕೆಂಪುಮಣ್ಣಿನ ದಾರಿ, ನಡುವೆ ಒಂದು ಮೋರಿ, ಕೊನೆಯಲ್ಲಿ ಉಣಗೋಲು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕುಗಳ ಒಳನಾಡಿನಲ್ಲಿ ಕಾಣುವ ಚಿತ್ರ ಇದೇ. ಈ ದಾರಿಗಳು ಮೊದಲು ಕಾಲುದಾರಿಗಳಾಗಿದ್ದವು. ಬಳಿಕ ಎತ್ತಿನಗಾಡಿಯ ಅಗಲಕ್ಕೆ ಹಿಗ್ಗಿದವು. ಆಮೇಲೆ ಜೀಪು ಬಂದಿತು. ಕೊನೆಗೆ ಮಾರುತಿ ಕಾರು ಬಂದಿತು. ಮಾರುತಿ ಬಂದಾಗ ದಾರಿಯನ್ನು ಅಗಲ ಮಾಡಬೇಕಾದ ಅಗತ್ಯ ಯಾರಿಗೂ ತೋರಲಿಲ್ಲ. ಅದು ಎತ್ತಿನಗಾಡಿಯ ಜಾಡಿನಲ್ಲಿಯೇ ಸರಾಗವಾಗಿ ಸಾಗುವಷ್ಟು ಸಣ್ಣದಾಗಿತ್ತು.

ಇಂದಿನ ಪರಿಸ್ಥಿತಿ ಹಾಗಿಲ್ಲ. ಕುಟುಂಬದ ಬಳಕೆಗೆಂದು ಮಾರಾಟವಾಗುವ ಕಾರುಗಳ ಅಗಲ, ಎತ್ತರ ಮತ್ತು ತೂಕ ಇಪ್ಪತ್ತೈದು ವರ್ಷಗಳಿಂದ ಏರುತ್ತಲೇ ಬಂದಿವೆ. ಆದರೆ ದಾರಿ, ಮೋರಿ, ಗೇಟು, ಶೆಡ್ಡು, ಪೇಟೆಯ ಬೀದಿ ಇವು ಬಹುಮಟ್ಟಿಗೆ ಇದ್ದಂತೆಯೇ ಇವೆ. ಇದನ್ನು ಕೇವಲ ಕಾರು ಕೊಳ್ಳುವವರ ಖಾಸಗಿ ವಿಷಯವೆಂದು ತಳ್ಳಿಹಾಕುವಂತಿಲ್ಲ. ಟಯರು ಮಾರುವ ವರ್ತಕರಿಂದ ಹಿಡಿದು ಗ್ಯಾರೇಜು ನಡೆಸುವವರು, ಗೇಟು-ಶೆಡ್ಡು ತಯಾರಿಸುವ ಸಣ್ಣ ಉದ್ದಿಮೆದಾರರು ಮತ್ತು ಪೇಟೆಯಲ್ಲಿ ಅಂಗಡಿ ಇಟ್ಟಿರುವ ಪ್ರತಿಯೊಬ್ಬರ ವ್ಯವಹಾರಕ್ಕೂ ಇದು ಸಂಬಂಧಿಸಿದೆ.

ದೊಡ್ಡದರಿಂದ ಸಣ್ಣದಕ್ಕೆ, ಮತ್ತೆ ದೊಡ್ಡದಕ್ಕೆ

ಭಾರತದ ಕಾರುಗಳು ಸಣ್ಣದಾಗಿ ಆರಂಭವಾಗಿ ದೊಡ್ಡದಾದವು ಎನ್ನುವುದು ಪೂರ್ಣ ಸತ್ಯವಲ್ಲ. ದಶಕಗಳ ಕಾಲ ರಸ್ತೆಯನ್ನು ಆಳಿದ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, 1.66 ಮೀಟರ್ ಅಗಲವಿದ್ದು, ಸಾವಿರದ ನೂರು ಕಿಲೋಗ್ರಾಂಗೂ ಹೆಚ್ಚು ತೂಗುತ್ತಿತ್ತು. ಆದರೆ ಅಂದು ಕಾರು ಸರ್ಕಾರಿ ಕಚೇರಿ, ಟ್ಯಾಕ್ಸಿ ಮತ್ತು ಕೆಲವೇ ಸ್ಥಿತಿವಂತರ ಸ್ವತ್ತಾಗಿತ್ತು. ಒಳನಾಡಿನ ದಾರಿಯಲ್ಲಿ ಎದುರಿನಿಂದ ಇನ್ನೊಂದು ಅಂಬಾಸಿಡರ್ ಬರುವ ಸಂಭವವೇ ಅಪರೂಪವಾಗಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಾಗ ಈ ಚಿತ್ರ ಬದಲಾಯಿತು. ಜಪಾನಿನ ಸುಜುಕಿ ಕಂಪನಿಯ ಪುಟ್ಟ ಕಾರಿನ ವಂಶಕ್ಕೆ ಸೇರಿದ ಈ ವಾಹನದ ಉದ್ದ 3,335 ಮಿ.ಮೀ., ಅಗಲ 1,440 ಮಿ.ಮೀ., ತೂಕ ಸುಮಾರು 650 ಕಿ.ಗ್ರಾಂ., ಎಂಜಿನ್ 796 ಸಿ.ಸಿ. 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲುವವರೆಗೆ ಭಾರತದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಕಾರುಗಳು ಮಾರಾಟವಾದವು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಂಬಾಸಿಡರ್ ಉತ್ಪಾದನೆಯೂ ನಿಂತಿತು. ಅತ್ಯಂತ ಸಣ್ಣ ಕಾರೆಂದು 2009ರಲ್ಲಿ ಮಾರುಕಟ್ಟೆಗೆ ಬಂದ 3.1 ಮೀಟರ್ ಉದ್ದದ ಟಾಟಾ ನ್ಯಾನೋ ಹತ್ತು ವರ್ಷ ಪೂರೈಸುವಷ್ಟರಲ್ಲಿ ಮರೆಯಾಯಿತು.

ಈ ನಡುವೆ ದೊಡ್ಡ ಕಾರುಗಳು ಇನ್ನಷ್ಟು ದೊಡ್ಡದಾದವು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2005ರಲ್ಲಿ ಬಂದ ಮೊದಲ ಇನ್ನೋವಾದ ಉದ್ದ ಸುಮಾರು 4.55 ಮೀಟರ್. 2016ರ ಕ್ರಿಸ್ಟಾದ ಉದ್ದ 4.735 ಮೀಟರ್, ಅಗಲ 1.83 ಮೀಟರ್. 2022ರ ಹೈಕ್ರಾಸ್‌ನ ಉದ್ದ 4.755 ಮೀಟರ್. ಹ್ಯುಂಡೈ ಕಂಪನಿ 1998ರಲ್ಲಿ ಭಾರತದಲ್ಲಿ ತನ್ನ ವ್ಯವಹಾರವನ್ನು ಆರಂಭಿಸಿದ್ದು ಸುಮಾರು ಮೂರೂವರೆ ಮೀಟರ್ ಉದ್ದದ ಸ್ಯಾಂಟ್ರೋ ಕಾರಿನಿಂದ. ಇಂದು ಅದೇ ಕಂಪನಿಯ ಮುಖ್ಯ ವಾಹನವೆನಿಸಿದ ಕ್ರೆಟಾ 2015ರಲ್ಲಿ 4.27 ಮೀಟರ್ ಉದ್ದವಿತ್ತು. 2024ರ ಮಾದರಿಯಲ್ಲಿ ಅದು 4.33 ಮೀಟರ್ ಆಗಿದೆ. ಮಹೀಂದ್ರಾದ 2022ರ ಸ್ಕಾರ್ಪಿಯೊ-ಎನ್ 4.66 ಮೀಟರ್ ಉದ್ದ, 1.917 ಮೀಟರ್ ಅಗಲ ಇದೆ.

ಗ್ರಾಹಕರ ಒಲವೂ ಅದೇ ದಿಕ್ಕಿನಲ್ಲಿ ಸಾಗಿದೆ. 2022-23ನೇ ಸಾಲಿನಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 39 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಯುಟಿಲಿಟಿ ವಾಹನಗಳು, ಅಂದರೆ ಎಸ್‌ಯುವಿ ಹಾಗೂ ಇನ್ನೋವಾದಂಥ ವಾಹನಗಳಾಗಿದ್ದವು. 2024-25ನೇ ಸಾಲಿನಲ್ಲಿ ಒಟ್ಟು 43 ಲಕ್ಷದಲ್ಲಿ ಇವುಗಳ ಪಾಲು ಸುಮಾರು 28 ಲಕ್ಷಕ್ಕೇರಿತು. ಅಂದರೆ ಮೂರು ಹೊಸ ವಾಹನಗಳಲ್ಲಿ ಎರಡು ಈ ವರ್ಗಕ್ಕೆ ಸೇರಿವೆ.

ಬೆಳವಣಿಗೆಗೆ ಕಾರಣಗಳು

ಈ ಬೆಳವಣಿಗೆಗೆ ಮೂರು ಮುಖ್ಯ ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ತೆರಿಗೆಯ ರೀತಿ. 2006ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿ.ಸಿ. ಹಾಗೂ ಡೀಸೆಲ್ ಎಂಜಿನ್ 1,500 ಸಿ.ಸಿ. ಒಳಗಿರಬೇಕು ಎಂಬುದು ‘ಸಣ್ಣ ಕಾರಿ’ನ ವ್ಯಾಖ್ಯೆಯಾಗಿತ್ತು. ಉದ್ದಕ್ಕೆ ಮಿತಿ ಬಂದಿತೇ ಹೊರತು ಅಗಲ, ಎತ್ತರ, ತೂಕಗಳಿಗೆ ಮಿತಿ ಬರಲಿಲ್ಲ. ತಯಾರಕರು ಈ ಮಿತಿಯೊಳಗೆ ಜಾಣತನದಿಂದ ಹೊಂದಿಕೊಂಡರು. 2008ರಲ್ಲಿ 4.16 ಮೀಟರ್ ಉದ್ದವಿದ್ದ ಸ್ವಿಫ್ಟ್ ಡಿಸೈರ್ 2012ರಲ್ಲಿ ಹಿಂಬದಿಯನ್ನು ಕತ್ತರಿಸಿಕೊಂಡು 3,995 ಮಿ.ಮೀ.ಗೆ ಇಳಿಯಿತು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್ ನಾಲ್ಕು ಮೀಟರಿನ ಒಳಗಿನ ಎಸ್‌ಯುವಿಗಳಾಗಿ ಬಂದವು. ಈಗಿನ ನೆಕ್ಸಾನ್ ಅಂಬಾಸಿಡರ್‌ಗಿಂತ ಒಂದಡಿಯಷ್ಟು ಗಿಡ್ಡ. ಆದರೆ ಅಗಲದಲ್ಲಿ 1.8 ಮೀಟರ್ ದಾಟಿದ್ದು, ಅಂಬಾಸಿಡರ್‌ಗಿಂತ ಸುಮಾರು 14 ಸೆಂ.ಮೀ. ಹೆಚ್ಚಿದೆ. ಕಾಗದದ ಮೇಲೆ ಇದು ಸಣ್ಣ ಕಾರು. ಹಳ್ಳಿಯ ಮೋರಿಯ ಮೇಲೆ ಅಲ್ಲ.

ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದೇ ವ್ಯಾಖ್ಯೆ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ತೆರಿಗೆ ಶೇಕಡಾ 18ಕ್ಕೆ ಇಳಿದಿದೆ. ಅದಕ್ಕೆ ಮೊದಲು ಪರಿಹಾರ ಸೆಸ್ ಸೇರಿ ಸಣ್ಣ ಪೆಟ್ರೋಲ್ ಕಾರಿಗೆ ಶೇಕಡಾ 29 ಇತ್ತು. ಅದೇ ದಿನ ದೊಡ್ಡ ಎಸ್‌ಯುವಿಗಳ ತೆರಿಗೆಯೂ ಸೆಸ್ ಸಹಿತ ಶೇಕಡಾ 50ರಿಂದ 40ಕ್ಕೆ ಇಳಿಯಿತು. ಆದುದರಿಂದ ಸಣ್ಣ ಕಾರಿಗೆ ಸಿಕ್ಕ ಅನುಕೂಲ ದೊಡ್ಡ ಕಾರಿಗೂ ಹೆಚ್ಚುಕಡಿಮೆ ಸಿಕ್ಕಿತು. ಕರ್ನಾಟಕದ ಜೀವಾವಧಿ ತೆರಿಗೆಯಾದರೂ ವಾಹನದ ಬೆಲೆಯನ್ನು ಆಧರಿಸಿದೆಯೇ ಹೊರತು ಅಗಲವನ್ನಾಗಲಿ ತೂಕವನ್ನಾಗಲಿ ಅಲ್ಲ.

ಎರಡನೆಯದು ಸುರಕ್ಷತೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಡಿಕ್ಕಿ ಪರೀಕ್ಷೆಗೆ ಒಳಪಡಿಸಿದಾಗ ಐದಕ್ಕೂ ಒಂದೇ ಒಂದು ನಕ್ಷತ್ರ ಸಿಗಲಿಲ್ಲ. ತದನಂತರ ನಿಯಮಗಳು ಬಿಗಿಯಾದವು. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. ಚಾಲಕನ ಏರ್‌ಬ್ಯಾಗ್, ಬಳಿಕ ಪಕ್ಕದ ಆಸನದ ಏರ್‌ಬ್ಯಾಗ್, ಎ.ಬಿ.ಎಸ್. ಬ್ರೇಕು ಇವೆಲ್ಲ ಸೇರಿದವು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿ.ಎಸ್.-6 ಹೊಗೆ ನಿಯಮದಿಂದ ಎಂಜಿನ್ನಿಗೆ ಮತ್ತಷ್ಟು ಉಪಕರಣಗಳು ಕೂಡಿಕೊಂಡವು. ಬಾಗಿಲಿನೊಳಗಿನ ಉಕ್ಕಿನ ತೊಲೆಗೂ ಡಿಕ್ಕಿಯಾದಾಗ ಮುದುಡಿ ಒತ್ತಡವನ್ನು ತಾಳುವ ಮುಂಭಾಗಕ್ಕೂ ಸ್ಥಳಬೇಕು, ತೂಕವೂ ಬರುತ್ತದೆ. ಈ ಭಾಗದ ತೂಕವನ್ನು ದುಂದೆನ್ನುವಂತಿಲ್ಲ. ಅದು ಜೀವ ಉಳಿಸುವ ತೂಕ.

ಮೂರನೆಯದು ಜನರ ಅಪೇಕ್ಷೆ. ಎತ್ತರದ ಆಸನ, ಉಬ್ಬು-ತಗ್ಗಿಗೆ ತಾಗದ ತಳ, ದೊಡ್ಡ ಚಕ್ರ, ತಂಪು ಗಾಳಿ, ಮನೆಮಂದಿಗೆಲ್ಲ ಸ್ಥಳ ಇವನ್ನು ಎಲ್ಲರೂ ಬಯಸುತ್ತಾರೆ. ಅಡಿಕೆಯ ಧಾರಣೆ ಏರಿದ ವರ್ಷ ಮನೆಯ ಮುಂದೆ ದೊಡ್ಡ ಕಾರು ಬಂದು ನಿಲ್ಲುವುದು ಈ ಸೀಮೆಗೆ ಹೊಸತೇನಲ್ಲ. ಇದನ್ನು ಬರಿಯ ಪ್ರತಿಷ್ಠೆಯೆಂದು ಹಗುರವಾಗಿ ಕಾಣಲೂ ಆಗದು. ಮಳೆಗಾಲದಲ್ಲಿ ಕೆಸರಿನ ದಾರಿಯನ್ನು ದಾಟಬೇಕು; ದೊಡ್ಡ ಕಾಯಿಲೆಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ರೋಗಿಯನ್ನು ಮಲಗಿಸಿಕೊಂಡು ಹೋಗಬೇಕು. ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರು ಎತ್ತಿದ ಕೂಗನ್ನು ನೆನೆದರೆ, ಇಲ್ಲಿಯ ಕುಟುಂಬದ ಕಾರು ಎಷ್ಟೋ ರಾತ್ರಿ ಆಂಬುಲೆನ್ಸಿನ ಕೆಲಸವನ್ನೂ ಮಾಡುತ್ತದೆಂಬುದು ತಿಳಿಯುತ್ತದೆ.

3.75 ಮೀಟರ್ ರಸ್ತೆಯ ಲೆಕ್ಕ

ಒಂದು ಪಥದ ಗ್ರಾಮೀಣ ರಸ್ತೆಯ ಡಾಂಬರಿನ ಅಗಲ 3.75 ಮೀಟರ್ ಇರಬೇಕೆಂಬುದು ದೇಶದಲ್ಲಿ ಸಾಮಾನ್ಯವಾಗಿ ಪಾಲಿಸುವ ಮಾನದಂಡ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳೂ ಇದೇ ಅಗಲದವು. ವಾಹನ ಸಂಚಾರ ತೀರ ಕಡಿಮೆಯಿರುವ ಕಡೆ 3 ಮೀಟರ್ ಮಾತ್ರ.

ಈ ರಸ್ತೆಯಲ್ಲಿ ಎರಡು ಮಾರುತಿ 800 ಕಾರುಗಳು ಎದುರುಬದುರಾದರೆ ಎರಡರ ಒಟ್ಟು ಅಗಲ 2.88 ಮೀಟರ್, ಉಳಿಯುವ ಸ್ಥಳ 87 ಸೆಂ.ಮೀ. ನಿಧಾನವಾಗಿ ಚಲಿಸಿದರೆ ಡಾಂಬರಿನಿಂದ ಕೆಳಗಿಳಿಯದೆ ಎರಡೂ ಸಾಗಬಹುದು. ಎರಡು ಕ್ರೆಟಾಗಳಾದರೆ ಒಟ್ಟು ಅಗಲ 3.58 ಮೀಟರ್, ಉಳಿಯುವುದು 17 ಸೆಂ.ಮೀ. ಕಂಪನಿಗಳು ಪ್ರಕಟಿಸುವ ಅಗಲದಲ್ಲಿ ಬದಿಯ ಕನ್ನಡಿಗಳು ಸೇರಿರುವುದಿಲ್ಲ. ಅವನ್ನು ಸೇರಿಸಿದರೆ ಈ 17 ಸೆಂ.ಮೀ. ಕೂಡ ಇಲ್ಲವಾಗುತ್ತದೆ. ಎರಡು ಸ್ಕಾರ್ಪಿಯೊ-ಎನ್ ವಾಹನಗಳಾದರೆ ಕನ್ನಡಿಗಳನ್ನು ಬಿಟ್ಟೇ 3.83 ಮೀಟರ್, ಅಂದರೆ ರಸ್ತೆಗಿಂತಲೂ ಹೆಚ್ಚು.

ಒಂದು ವಾಹನ ಡಾಂಬರನ್ನು ಬಿಟ್ಟು ಕೆಳಗೆ ಇಳಿಯಲೇಬೇಕು. ಬೇಸಿಗೆಯಲ್ಲಿ ಅದು ದೊಡ್ಡ ಮಾತಲ್ಲ. ಆಷಾಢದ ಮಳೆಯಲ್ಲಿ ಒಂದು ಬದಿಗೆ ನೀರು ತುಂಬಿದ ಚರಂಡಿ, ಇನ್ನೊಂದು ಬದಿಗೆ ತೋಟದ ಇಳಿಜಾರು ಇರುವ ಕಡೆ ಒಂದು ಚಕ್ರ ಹೂತರೂ ರಸ್ತೆ ಗಂಟೆಗಟ್ಟಲೆ ಮುಚ್ಚಿಹೋಗುತ್ತದೆ. ಹಿಂದೆ ಶಾಲೆಯ ವಾಹನವೋ ರೋಗಿಯಿರುವ ಕಾರೋ ನಿಂತಿದ್ದರೆ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಸ್ತೆಯ ಬಾಳಿಕೆಯ ಪ್ರಶ್ನೆಯೂ ಇಲ್ಲಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಸವೆತ ಸುಮಾರು ಹದಿನಾರು ಪಟ್ಟು ಹೆಚ್ಚುತ್ತದೆ ಎಂದು ತಿಳಿದುಬಂದಿತು. ಆದರೆ ಈ ಲೆಕ್ಕವನ್ನು ನ್ಯಾಯವಾಗಿ ಓದಬೇಕು. ಒಂದೇ ಅಚ್ಚಿನ ಮೇಲೆ ಹತ್ತು ಟನ್ ಹೊರುವ ಲಾರಿಯ ಮುಂದೆ ಎಷ್ಟೇ ದೊಡ್ಡ ಕಾರಾದರೂ ನಗಣ್ಯ. ರಸ್ತೆಯ ನಡುವಿನ ಹೊಂಡಕ್ಕೆ ಕಾರುಗಳನ್ನು ದೂರುವುದು ಸರಿಯಲ್ಲ. ಕಾರುಗಳಿಂದ ಹಾಳಾಗುವುದು ರಸ್ತೆಯ ಅಂಚು. ಪ್ರತಿ ಎದುರುಬದುರಿಗೂ ಚಕ್ರ ಅಂಚಿನಿಂದ ಇಳಿದು ಹತ್ತಿದಂತೆ ಬದಿಯ ಮಣ್ಣು ಕೊರೆಯುತ್ತದೆ, ಡಾಂಬರು ಚೂರುಚೂರಾಗಿ ಕಳಚುತ್ತದೆ, ಮಳೆಯ ನೀರು ಒಳಹೊಗುತ್ತದೆ. ಹೀಗೆ ಇಕ್ಕಟ್ಟಾದ ರಸ್ತೆ ಇನ್ನಷ್ಟು ಇಕ್ಕಟ್ಟಾಗುತ್ತದೆ.

ಘಟ್ಟವೇರುವ ತೂಕ

ಕಾರಿನ ತೂಕದ ಬೆಲೆಯನ್ನು ಬಯಲುಸೀಮೆಯವರಿಗಿಂತ ಘಟ್ಟದವರು ಹೆಚ್ಚು ತೆರುತ್ತಾರೆ. ಕುಮಟಾ ಸಮುದ್ರದ ಮಟ್ಟದಲ್ಲಿದೆ. ದೇವಿಮನೆ ಘಟ್ಟವನ್ನೇರಿ ಬಂದರೆ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಒಂದು ಸಾವಿರ ಕಿ.ಗ್ರಾಂ. ತೂಕವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಎಂಜಿನ್ ಇಂಧನದ ಕಾಲು ಭಾಗವನ್ನು ಮಾತ್ರ ಚಲನೆಗೆ ಒದಗಿಸುತ್ತದೆಂದು ಹಿಡಿದಾಗ, ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಖರ್ಚಾಗುತ್ತದೆ. ದಾರಿಯ ಘರ್ಷಣೆ, ಗಾಳಿಯ ತಡೆ ಇವುಗಳ ಖರ್ಚು ಇದಕ್ಕೆ ಹೊರತು. ಅಂದರೆ ಕಾರಿನ ತೂಕ ಒಂದು ಟನ್ ಹೆಚ್ಚಾದಾಗಲೆಲ್ಲ ಪ್ರತಿ ಬಾರಿ ಘಟ್ಟ ಹತ್ತುವಾಗ ಮುಕ್ಕಾಲು ಲೀಟರ್ ಹೆಚ್ಚುವರಿ ಎಂದು ತಿಳಿಯಬಹುದು. ವ್ಯಾಪಾರಕ್ಕಾಗಿ ವಾರಕ್ಕೆರಡು ಬಾರಿ ಕರಾವಳಿಗೆ ಇಳಿದು ಹತ್ತುವವರಿಗೆ ವರ್ಷದ ಲೆಕ್ಕದಲ್ಲಿ ಇದು ಸುಮಾರು 75 ಲೀಟರ್.

ಇಳಿಯುವಾಗ ಅದೇ ಶಕ್ತಿ ಬ್ರೇಕಿನ ಬಿಸಿಯಾಗಿ ಹೊರಬೀಳುತ್ತದೆ. ಒಂದು ಟನ್ ತೂಕ 600 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 18 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಎಂಜಿನ್ನಿನ ಎಳೆತ ಹಾಗೂ ಗಾಳಿಯ ತಡೆ ಅದರಲ್ಲಿ ಒಂದು ಪಾಲನ್ನು ಹೀರುತ್ತವೆ. ಮಿಕ್ಕಿದ್ದನ್ನು ಬ್ರೇಕಿನ ಪ್ಯಾಡುಗಳು ತಾಳಿಕೊಳ್ಳಬೇಕು. ಏಳು ಜನ ಕುಳಿತ ಇನ್ನೋವಾದಂಥ ವಾಹನ ಎರಡು ಟನ್ ದಾಟುವುದರಿಂದ, ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಬುದ್ಧಿಮಾತು ಇಂದಿಗೂ ಬೆಲೆಯುಳ್ಳದ್ದು. ವಿದ್ಯುತ್ ಕಾರುಗಳು ಬ್ಯಾಟರಿಯಿಂದಾಗಿ ಇನ್ನಷ್ಟು ಭಾರವಾಗಿವೆ. 2020ರಲ್ಲಿ ಬಂದ ನೆಕ್ಸಾನ್ ವಿದ್ಯುತ್ ಕಾರಿನ ತೂಕ ಸುಮಾರು 1,400 ಕಿ.ಗ್ರಾಂ., ಅಂದರೆ ಎರಡು ಮಾರುತಿ 800ಗಳಿಗಿಂತ ಹೆಚ್ಚು. ಆದರೆ ಇಳಿಜಾರಿನಲ್ಲಿ ಒಂದಷ್ಟು ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬಿಕೊಳ್ಳುವ ಗುಣ ಅವುಗಳಿಗಿದೆ ಎಂಬುದನ್ನೂ ಹೇಳಬೇಕು.

ಗಾತ್ರ ಬೆಳೆದರೆ ತೂಕವೂ ಬೆಳೆಯಲೇಬೇಕೆಂಬ ನಿಯಮವೇನಿಲ್ಲ. 2005ರ ಪೆಟ್ರೋಲ್ ಸ್ವಿಫ್ಟ್ ಸುಮಾರು ಒಂದು ಟನ್ ತೂಗುತ್ತಿತ್ತು. 2018ರ ಸ್ವಿಫ್ಟ್ ಉದ್ದ ಹಾಗೂ ಅಗಲಗಳಲ್ಲಿ ಬೆಳೆದರೂ 900 ಕಿ.ಗ್ರಾಂ.ಗಿಂತ ಕಡಿಮೆ ತೂಗಿತು. 2019ರ ವ್ಯಾಗನ್ ಆರ್ 1999ರದಕ್ಕಿಂತ ಸಾಕಷ್ಟು ಅಗಲವಾಗಿದ್ದರೂ ತೂಕ ಹೆಚ್ಚುಕಡಿಮೆ ಅಷ್ಟೇ ಇದೆ. ಹೆಚ್ಚು ಬಲದ ತೆಳು ಉಕ್ಕಿನ ಬಳಕೆಯಿಂದ ಇದು ಸಾಧ್ಯವಾಯಿತು.

ಒಳಗಿನವರ ರಕ್ಷಣೆ, ಹೊರಗಿನವರ ಅಪಾಯ

ಭಾರದ ಕಾರು ತನ್ನೊಳಗಿರುವವರನ್ನು ಕಾಪಾಡುತ್ತದೆಂಬ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ ಅದರ ಇನ್ನೊಂದು ಮುಖವನ್ನು ಮರೆಯಬಾರದು. 800 ಕಿ.ಗ್ರಾಂ.ನ ಕಾರು ಮತ್ತು 1,600 ಕಿ.ಗ್ರಾಂ.ನ ಕಾರು ತಲಾ ಗಂಟೆಗೆ 40 ಕಿ.ಮೀ. ವೇಗದಲ್ಲಿ ಮುಖಾಮುಖಿಯಾಗಿ ಡಿಕ್ಕಿ ಹೊಡೆದು ಒಂದಕ್ಕೊಂದು ಸಿಕ್ಕಿಕೊಂಡವೆಂದು ಭಾವಿಸಿದರೆ, ದೊಡ್ಡ ಕಾರಿನ ವೇಗದಲ್ಲಾಗುವ ದಿಢೀರ್ ಬದಲಾವಣೆ 27 ಕಿ.ಮೀ. ಆದರೆ ಸಣ್ಣ ಕಾರಿನದು 53 ಕಿ.ಮೀ. ಪೆಟ್ಟಿನ ತೀವ್ರತೆ ಈ ಬದಲಾವಣೆಯನ್ನು ಅವಲಂಬಿಸಿದೆ. ಅಂದರೆ ಒಬ್ಬರು ಕೊಂಡ ರಕ್ಷಣೆಯ ಬೆಲೆಯನ್ನು ಒಂದಂಶದಲ್ಲಿ ಎದುರಿನವರು ತೆರುತ್ತಾರೆ. ಇದನ್ನು ಕಂಡು ಎದುರಿನವರೂ ಮುಂದಿನ ಬಾರಿ ದೊಡ್ಡ ಕಾರನ್ನೇ ಕೊಳ್ಳುತ್ತಾರೆ. ಈ ಪೈಪೋಟಿಗೆ ಕೊನೆಯಿಲ್ಲ.

ನಡೆದುಹೋಗುವವರಿಗೆ ತೂಕಕ್ಕಿಂತಲೂ ಮೂತಿಯ ಎತ್ತರ ಅಪಾಯಕರ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟು 40 ಇಂಚಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗಳಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚು ಅಥವಾ ಅದಕ್ಕಿಂತ ತಗ್ಗಾದ ವಾಹನಗಳಿಗೆ ಹೋಲಿಸಿದರೆ ಸುಮಾರು ಶೇಕಡಾ 45ರಷ್ಟು ಹೆಚ್ಚು. ಕಾಲುದಾರಿಯಿಲ್ಲದ ಹಳ್ಳಿಯ ರಸ್ತೆಯಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳು, ಹಾಲಿನ ಡೇರಿಗೆ ಹೊರಟ ಹಿರಿಯರು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವರು ಇರುತ್ತಾರೆ. ಎತ್ತರದ ಕಾರಿನ ಮೂತಿಯ ಮರೆಯಲ್ಲಿ ಪುಟ್ಟ ಮಗು ಚಾಲಕನ ಕಣ್ಣಿಗೇ ಬೀಳದಿರಬಹುದು. ಮನೆಯಂಗಳದಲ್ಲಿ ಕಾರನ್ನು ಹಿಂದೆ-ಮುಂದೆ ಮಾಡುವಾಗ ಈ ಎಚ್ಚರ ಅಗತ್ಯ.

ವರ್ತಕರಿಗೂ ಉದ್ದಿಮೆದಾರರಿಗೂ ಇದರಿಂದೇನು?

ಪೇಟೆಯ ಅಂಗಡಿಕಾರರು: ಅಂಗಡಿಗಳ ಮುಂದಿನ 60 ಮೀಟರ್ ಉದ್ದದ ಜಾಗದಲ್ಲಿ ಒಂದರ ಹಿಂದೊಂದರಂತೆ, ನಡುವೆ ಒಂದೊಂದು ಮೀಟರ್ ಬಿಟ್ಟು ನಿಲ್ಲಿಸಿದರೆ 14 ಮಾರುತಿ 800 ಕಾರುಗಳಿಗೆ ಸ್ಥಳವಿದೆ. ಕ್ರೆಟಾದಷ್ಟು ಉದ್ದದ ಕಾರುಗಳಾದರೆ 11, ಇನ್ನೋವಾ ಹೈಕ್ರಾಸ್ ಆದರೆ 10. ಅಂದರೆ ಬೀದಿ ಅಷ್ಟೇ ಇದ್ದರೂ ಏಕಕಾಲಕ್ಕೆ ಬಂದು ನಿಲ್ಲಬಲ್ಲ ಗ್ರಾಹಕರು ಐದರಲ್ಲಿ ಒಬ್ಬರಂತೆ ಕಡಿಮೆಯಾಗುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರವಲ್ಲ, ಅಡಿಕೆ ವ್ಯಾಪಾರದ ಭರಾಟೆಯಲ್ಲಿಯೂ ಇದರ ಬಿಸಿ ತಟ್ಟುತ್ತದೆ. ಅಂಗಡಿಯವರು ತಮ್ಮದೇ ವಾಹನಗಳನ್ನು ಬೀದಿಯಿಂದ ಹಿಂದಕ್ಕೆ ಸರಿಸುವುದೂ, ನಾಲ್ಕಾರು ಅಂಗಡಿಗಳು ಸೇರಿ ಹಿಂಬದಿಯ ಖಾಲಿ ನಿವೇಶನವನ್ನು ಬಾಡಿಗೆಗೆ ಪಡೆದು ಗ್ರಾಹಕರಿಗೆ ಬಿಟ್ಟುಕೊಡುವುದೂ ಸುಲಭದ ಆರಂಭಗಳು.

ಟಯರು ವರ್ತಕರು: ಮಾರುತಿ 800ರ ಚಕ್ರ 12 ಇಂಚಿನದು, ಟಯರಿನ ಅಗಲ 145 ಮಿ.ಮೀ. ಇಂದಿನ ಎಸ್‌ಯುವಿಗಳಲ್ಲಿ 16, 17, 18 ಇಂಚಿನ ಚಕ್ರಗಳೂ 205, 215 ಮಿ.ಮೀ. ಹಾಗೂ ಅದಕ್ಕೂ ಹೆಚ್ಚು ಅಗಲದ ಟಯರುಗಳೂ ಸಾಮಾನ್ಯವಾಗಿವೆ. ಹಳೆಯ ಕಾರುಗಳು ಇನ್ನೂ ಓಡುತ್ತಿರುವುದರಿಂದ 12ರಿಂದ 18 ಇಂಚಿನವರೆಗಿನ ಎಲ್ಲ ಅಳತೆಗಳನ್ನೂ ದಾಸ್ತಾನಿಡಬೇಕಾದ ಒತ್ತಡವಿದೆ. ಅಳತೆಗಳು ಹೆಚ್ಚಿದಷ್ಟೂ ಬಂಡವಾಳ ಕಪಾಟಿನಲ್ಲಿ ಮಲಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಯಾವ ಮಾದರಿಗಳು ಎಷ್ಟಿವೆ ಎಂಬುದನ್ನು ತಮ್ಮದೇ ಬಿಲ್ ಪುಸ್ತಕದಿಂದ ಲೆಕ್ಕ ಹಾಕಿ ದಾಸ್ತಾನನ್ನು ನಿರ್ಧರಿಸುವುದು ಲೇಸು.

ಗ್ಯಾರೇಜಿನವರು: ಸಣ್ಣ ಕಾರುಗಳ ಕಾಲದ ಜಾಕು, ಎತ್ತುವ ಯಂತ್ರ, ಗುಂಡಿಯ ಅಗಲ ಇವನ್ನು ಪುನರ್ವಿಮರ್ಶಿಸಬೇಕಾಗಿದೆ. ಎರಡು ಟನ್ನಿಗೆ ಸಮೀಪದ ವಾಹನವನ್ನು ಹಳೆಯ ಜಾಕಿನ ಮೇಲೆ ಎತ್ತಿ ಅದರಡಿ ಮಲಗುವುದು ಜೀವದೊಡನೆ ಆಟವಾಡಿದಂತೆ. ಉಪಕರಣದ ಮೇಲೆ ಬರೆದಿರುವ ಭಾರದ ಮಿತಿಯನ್ನು ಓದುವುದೂ, ಸ್ಟ್ಯಾಂಡು ಇಡದೆ ಕೆಲಸ ಆರಂಭಿಸದಿರುವುದೂ ಕಡ್ಡಾಯವಾಗಬೇಕು. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ತಳದಲ್ಲಿರುವುದರಿಂದ ಕಂಪನಿ ಸೂಚಿಸಿದ ಸ್ಥಳದಲ್ಲಿ ಮಾತ್ರ ಜಾಕು ಕೊಡಬೇಕು.

ಗೇಟು, ಶೆಡ್ಡು ಮತ್ತು ಮೋರಿಯ ಕೆಲಸದವರು: 14 ಅಡಿ ಉದ್ದದ ಶೆಡ್ಡಿನಲ್ಲಿ ಹನ್ನೊಂದಡಿಯ ಮಾರುತಿ ಆರಾಮವಾಗಿ ನಿಲ್ಲುತ್ತಿತ್ತು. ಕ್ರೆಟಾದ ಉದ್ದವೇ 14 ಅಡಿ ಮೀರುತ್ತದೆ. ಇನ್ನೋವಾ ಹೈಕ್ರಾಸ್‌ನದು ಹದಿನೈದೂವರೆ ಅಡಿಗೂ ಹೆಚ್ಚು. ಎರಡೂ ಬದಿಯ ಬಾಗಿಲು ತೆರೆದು ಇಳಿಯಲು ತಲಾ ಎರಡಡಿ ಬಿಟ್ಟರೆ, ಆರೂಕಾಲು ಅಡಿ ಅಗಲದ ವಾಹನಕ್ಕೆ ಹತ್ತಡಿಗೂ ಮೀರಿದ ಅಗಲ ಬೇಕು. ಇಂದು ಹೊಸದಾಗಿ ಶೆಡ್ಡು ಕಟ್ಟುವವರಿಗೆ ಒಳ ಅಳತೆ 11 ಅಡಿ ಅಗಲ, 18 ಅಡಿ ಉದ್ದಕ್ಕಿಂತ ಕಡಿಮೆ ಬೇಡವೆಂದು ತಿಳಿಸುವುದು ಪ್ರಾಮಾಣಿಕ ಸಲಹೆಯಾಗುತ್ತದೆ. ಗೇಟಿನ ಅಗಲವನ್ನು ವಾಹನದ ಅಗಲದಿಂದಲ್ಲ, ತಿರುವಿನಿಂದ ನಿರ್ಧರಿಸಬೇಕು. ಇಕ್ಕಟ್ಟಿನ ದಾರಿಯಿಂದ ಒಮ್ಮೆಲೇ ತಿರುಗಿ ಒಳಬರಬೇಕಾದಲ್ಲಿ ಒಂದೆರಡು ಅಡಿ ಹೆಚ್ಚಿಡುವುದು ಕ್ಷೇಮ. ಚಿರೆಕಲ್ಲಿನ ಕಂಬ ಒಮ್ಮೆ ನಿಂತ ಮೇಲೆ ಕೀಳುವ ಖರ್ಚು ಕಟ್ಟುವ ಖರ್ಚಿಗಿಂತ ಹೆಚ್ಚು.

ಹೊರದೇಶಗಳ ಅನುಭವ

ಈ ಸಮಸ್ಯೆ ಮಲೆನಾಡಿಗೆ ಸೀಮಿತವಾದುದಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧದ ಸಮೀಪ ಎಸ್‌ಯುವಿಗಳು. ಯುರೋಪಿನ ಹೊಸ ಕಾರುಗಳ ಸರಾಸರಿ ಅಗಲ ಎರಡು ವರ್ಷಕ್ಕೆ ಒಂದು ಸೆಂ.ಮೀ.ನಂತೆ ಬೆಳೆದು 2023ರಲ್ಲಿ 180 ಸೆಂ.ಮೀ. ದಾಟಿತೆಂದು ಅಲ್ಲಿಯ ‘ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್‌ಮೆಂಟ್’ ಸಂಸ್ಥೆ 2024ರ ಜನವರಿಯಲ್ಲಿ ತಿಳಿಸಿತು. ಫ್ರಾನ್ಸ್ ದೇಶ 2022ರಿಂದ ಹೊಸ ಕಾರುಗಳಿಗೆ ತೂಕದ ಮೇಲೆ ತೆರಿಗೆ ವಿಧಿಸತೊಡಗಿತು. ಪ್ಯಾರಿಸ್ ನಗರದಲ್ಲಿ 2024ರ ಫೆಬ್ರುವರಿಯಲ್ಲಿ ಜನಮತ ಪಡೆದು, ಅದೇ ವರ್ಷದ ಅಕ್ಟೋಬರ್‌ನಿಂದ 1,600 ಕಿ.ಗ್ರಾಂ. ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೂ ಎರಡು ಟನ್ ಮೀರಿದ ವಿದ್ಯುತ್ ಕಾರುಗಳಿಗೂ ಹೊರಗಿನಿಂದ ಬರುವವರ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಲಾಯಿತು.

ಜಪಾನಿನ ಮಾರ್ಗ ಹೆಚ್ಚು ಬೋಧಪ್ರದವಾಗಿದೆ. ಅಲ್ಲಿ ‘ಕೆಯ್’ ಎಂಬ ಪುಟ್ಟ ಕಾರುಗಳ ವರ್ಗವೊಂದಿದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್, ಎಂಜಿನ್ 660 ಸಿ.ಸಿ. ಇದರ ಮಿತಿ. ಸುರಕ್ಷತೆಯ ಸಲುವಾಗಿ 1998ರಲ್ಲಿ ಮಿತಿಯನ್ನು ಸ್ವಲ್ಪ ಸಡಿಲಿಸಿದರೂ ಅಗಲಕ್ಕೆ ಕಟ್ಟುನಿಟ್ಟಾದ ಮಿತಿ ಉಳಿಯಿತು. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರರಲ್ಲೊಂದರಷ್ಟು ಈ ವರ್ಗದವು. ಇಕ್ಕಟ್ಟಿನ ಹಳ್ಳಿದಾರಿಗಳುಳ್ಳ ಆ ದೇಶದಲ್ಲಿ ರೈತರೂ ಸಣ್ಣ ವ್ಯಾಪಾರಿಗಳೂ ಇವನ್ನೇ ನೆಚ್ಚಿಕೊಂಡಿದ್ದಾರೆ. ಮಾರುತಿ 800 ಇದೇ ಪರಂಪರೆಯ ಕೂಸಾಗಿತ್ತೆಂಬುದು ಗಮನಾರ್ಹ.

ಕೊಳ್ಳುವ ಮುನ್ನ

ದೊಡ್ಡ ಕಾರು ಬೇಡವೆಂದು ಯಾರೂ ಯಾರಿಗೂ ಹೇಳುವಂತಿಲ್ಲ. ಹತ್ತು ಜನರ ಅವಿಭಕ್ತ ಕುಟುಂಬಕ್ಕೆ ಅದು ಅಗತ್ಯವಾಗಿರಬಹುದು. ಕೆಸರಿನ ದಾರಿಗೆ ಎತ್ತರದ ತಳ ಅನಿವಾರ್ಯವಾಗಿರಬಹುದು. ಆದರೆ ಎತ್ತರದ ತಳವೂ ಒಳ್ಳೆಯ ಸುರಕ್ಷತೆಯೂ ಬೇಕೆಂದಾದರೆ ಎರಡು ಮೀಟರಿನ ಸಮೀಪದ ಅಗಲವೇ ಬೇಕೆಂದಿಲ್ಲ. 2023ರ ಅಕ್ಟೋಬರ್‌ನಿಂದ ಭಾರತದಲ್ಲಿಯೇ ‘ಭಾರತ್ ಎನ್‌ಕ್ಯಾಪ್’ ಡಿಕ್ಕಿ ಪರೀಕ್ಷೆ ನಡೆಯುತ್ತಿದ್ದು, ನಕ್ಷತ್ರಗಳನ್ನು ನೋಡಿ ಕೊಳ್ಳುವ ಅನುಕೂಲ ಗ್ರಾಹಕರಿಗಿದೆ. ಭಾರವೇ ಭದ್ರತೆ ಎಂಬ ಊಹೆಯ ಮೇಲೆ ನಿರ್ಧರಿಸಬೇಕಾಗಿಲ್ಲ.

ಷೋರೂಮಿಗೆ ಹೋಗುವ ಮುನ್ನ ಒಂದು ಟೇಪು ಹಿಡಿದು ಮನೆಯ ದಾರಿಯಲ್ಲಿ ನಡೆಯುವುದು ಒಳಿತು. ಉಣಗೋಲಿನ ಅಗಲ, ಮೋರಿಯ ಅಗಲ, ಧರೆಯ ತಿರುವು, ಶೆಡ್ಡಿನ ಉದ್ದ ಈ ನಾಲ್ಕನ್ನು ಬರೆದುಕೊಂಡು, ಕಾರಿನ ಅಗಲಕ್ಕೆ ಕನ್ನಡಿಗಳಿಗಾಗಿ ಒಂದಡಿಯನ್ನಾದರೂ ಸೇರಿಸಿ ತಾಳೆ ನೋಡಬೇಕು. ಕಾರು ವರ್ಷದಲ್ಲಿ ಎಷ್ಟು ದಿನ ಪೂರ್ತಿ ತುಂಬಿರುತ್ತದೆ, ಎಷ್ಟು ದಿನ ಒಬ್ಬಿಬ್ಬರನ್ನಷ್ಟೇ ಹೊತ್ತು ಪೇಟೆಗೆ ಹೋಗಿ ಬರುತ್ತದೆ ಎಂಬುದನ್ನೂ ಎಣಿಸಬೇಕು. ವರ್ಷಕ್ಕೆ ನಾಲ್ಕು ದಿನದ ಅಗತ್ಯಕ್ಕೆ ಬಾಡಿಗೆ ವಾಹನ ಸಿಗುವುದಾದರೆ ಉಳಿದ ದಿನಗಳ ಭಾರವನ್ನು ಹೊರುವುದೇಕೆ ಎಂಬುದು ಲೆಕ್ಕ ಬಲ್ಲ ವರ್ತಕರಿಗೆ ಹೇಳಿಕೊಡಬೇಕಾದ ಮಾತಲ್ಲ.

ಪಂಚಾಯಿತಿಗಳ ಮಟ್ಟದಲ್ಲಿ ಮಾಡಬಹುದಾದುದೂ ಇದೆ. ಇಡೀ ರಸ್ತೆಯನ್ನು ಅಗಲ ಮಾಡಲು ತೋಟ, ಬೆಟ್ಟ, ಮರಗಳನ್ನು ಬಲಿಕೊಡಬೇಕಾದೀತು, ಹಣವೂ ಸಾಲದು. ಅದಕ್ಕಿಂತ ನೇರ ಕಣ್ಣಿಗೆ ಕಾಣುವಷ್ಟು ದೂರಕ್ಕೊಂದರಂತೆ ಗಟ್ಟಿ ತಳದ ತಂಗುದಾಣಗಳನ್ನು ಮಾಡಿ, ಎದುರಿನ ವಾಹನಕ್ಕೆ ದಾರಿ ಬಿಡುವ ವ್ಯವಸ್ಥೆ ಕಲ್ಪಿಸುವುದು ಅಗ್ಗ. ಬದಿಯ ಮಣ್ಣಿಗೆ ಜಲ್ಲಿ ತುಂಬಿ ಗಟ್ಟಿ ಮಾಡುವುದು, ಮೋರಿಗಳ ಅಂಚಿಗೆ ಬಿಳಿ ಬಣ್ಣದ ಗುರುತು ಕಲ್ಲು ನಿಲ್ಲಿಸುವುದು ಇವೂ ಕಡಿಮೆ ಖರ್ಚಿನ ಕೆಲಸಗಳು. ಮಳೆಗಾಲಕ್ಕೆ ಮುನ್ನ ಇವುಗಳಿಗಾಗಿ ಸ್ಥಳೀಯ ವರ್ತಕರು ಒಟ್ಟಾಗಿ ಮನವಿ ಸಲ್ಲಿಸಿದರೆ ಫಲ ದೊರೆಯದಿರದು.

ಹೇರೂರಿನ ದಾರಿ ನಾಳೆಯೇ ಅಗಲವಾಗುವುದಿಲ್ಲ. ಅಲ್ಲಿಯವರೆಗೆ ಆ ದಾರಿಯಲ್ಲಿ ಎದುರಾದ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಎರಡೂ ಕಾರುಗಳು ದೊಡ್ಡದಾದಷ್ಟೂ ಹಿಂದಕ್ಕೆ ಸರಿಯಬೇಕಾದ ದೂರ ಹೆಚ್ಚುತ್ತದೆ. ಹೊಸ ಕಾರಿನ ಬೆಲೆಯನ್ನು ವಿಚಾರಿಸುವಾಗ ಈ ದೂರವನ್ನೂ ಲೆಕ್ಕಕ್ಕೆ ಹಿಡಿಯುವುದು ವಿವೇಕ.